ಮೇಲಿನ ಕೈ ಕೆಳಗಿದೆ

ರಾಜನ ಹೆಬ್ಬೆರಳು ಹತ್ತಿಗೆ ಅಂಟಿಕೊಂಡು ಬಂದುಬಿಟ್ಟಿತು!

"ಅಯ್ಯಯ್ಯೋ!" ಇನ್‌ಸ್ಪೆಕ್ಟರ್ ಸ್ಟೂಲಿನಿಂದ ಎದ್ದೇ ನಿಂತ. "ಕಿತ್ತೇ ಹಾಕಿದ್ರಲ್ರೀ! ನಾಳೆ ಸಮಾರಂಭ, ಇವತ್ತು ರಾಜನ ಹೆಬ್ಬೆಟ್ಟು ಮಾಯ. ಅದರ ಹಿಂದೇನೇ ನನ್ನ ಕೆಲಸಾನೂ ಮಾಯ."

ಅವಳು ಚಿತ್ರದಿಂದ ಕಡ್ಡಿ ತೆಗೆದು ನೋಡಿದಳು. ಕಡ್ಡಿಯ ತುದಿಯ ಹತ್ತಿ ಮೈಬಣ್ಣಕ್ಕೆ ತಿರುಗಿತ್ತು. ಅದನ್ನು ಡಬ್ಬಿಗೆ ಎಸೆದು, ಹೊಸ ಹತ್ತಿ ಸುತ್ತಿ, ಸ್ಪಿರಿಟ್ಟಿಗೆ ಅದ್ದಿ, ಮತ್ತೆ ರಾಜನ ಕೈಗೇ ಬಂದಳು. ಹಳೇ ಚಿತ್ರಗಳ ಕೊಳೆ ತೆಗೆಯುವುದು ಅವಳ ಕೆಲಸ. ದಿನಕ್ಕೆ ಇನ್ನೂರು ಕಡ್ಡಿ ಸುತ್ತುತ್ತಾಳೆ, ಮೈಯೂ ಅದೇ ಅಳತೆ. ಅದಕ್ಕೇ ಮ್ಯೂಸಿಯಮ್ಮಿನಲ್ಲಿ ಎಲ್ಲರ ಬಾಯಲ್ಲೂ ಅವಳು ಹತ್ತಿಕಡ್ಡಿ. ಹೆಸರಿಟ್ಟವರು ಅವಳಿಗೆ ಕಸುಬು ಕಲಿಸಿದ ಮೇಷ್ಟ್ರು.

ಆ ಮೇಷ್ಟ್ರು ಸೋಮವಾರ ಬೆಳಿಗ್ಗೆ ಇದೇ ಕೋಣೆಯಲ್ಲಿ, ಇದೇ ಏಣಿಯ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದರು. ಕೋಣೆಯ ಬೀಗದಕೈ ಇದ್ದದ್ದು ಕಾವಲುಗಾರನ ಸೊಂಟದಲ್ಲಿ. ಕಾವಲುಗಾರ ಅವಳ ಒಡಹುಟ್ಟಿದ ಅಣ್ಣ. ಸಂಜೆಯೊಳಗೆ ಅವನು ಲಾಕಪ್ಪಿನಲ್ಲಿದ್ದ.

ಇವತ್ತು ಬುಧವಾರ. ಗೋಡೆಯ ಗಡಿಯಾರದಲ್ಲಿ ಹನ್ನೊಂದು.

"ಮೂರು ಗಂಟೆಗೆ ನಿಮ್ಮಣ್ಣನ್ನ ಕೋರ್ಟಿಗೆ ಹಾಜರು ಮಾಡ್ತೀನಿ," ಇನ್‌ಸ್ಪೆಕ್ಟರ್ ಮತ್ತೆ ಕೂತು ಕಡಲೆಕಾಯಿ ಸುಲಿಯತೊಡಗಿದ. "ಅಷ್ಟರೊಳಗೆ, ಮೇಷ್ಟ್ರು ಸಾಯ್ಲಿ ಅನ್ನೋಕೆ ಬೇರೆ ಯಾರಿಗಾದ್ರೂ ಕಾರಣ ಇತ್ತು ಅಂತ ತೋರಿಸಿ. ನಾನೇ ಅವನ ಬೇಡಿ ಬಿಚ್ತೀನಿ. ಸಮಾಧಾನವಾಗಿ ಮಾಡಿ, ಸಮಾಧಾನವಾಗಿ."

ಇಲಾಖೆಯಲ್ಲಿ ಅವನಿಗೆ ‘ಸಮಾಧಾನ’ ಅಂತಲೇ ಅಡ್ಡಹೆಸರು. ಯಾರ ಕಪಾಳಕ್ಕೆ ಬಾರಿಸುವ ಮೊದಲೂ ಆ ಮಾತು ಎರಡು ಸಲ ಅನ್ನುತ್ತಾನಂತೆ.

ಹೊರಗಿನ ಬೆಂಚಿನ ಮೇಲೆ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೂರು ದಿನದಿಂದ ಇದೇ ಕತೆ. ಲಾಕಪ್ಪಿಗೊಂದು ಡಬ್ಬಿ, ಇಲ್ಲಿಗೊಂದು ಡಬ್ಬಿ. "ನೀನು ತಿನ್ನದೇ ಬಿದ್ದೋದ್ರೆ ನಿಮ್ಮಣ್ಣನ್ನ ಬಿಡಿಸೋರು ಯಾರೇ?" ಅನ್ನುತ್ತಿದ್ದಳು. ಹತ್ತಿಕಡ್ಡಿಗೆ ಹಸಿವೇ ಸತ್ತುಹೋಗಿತ್ತು. ಅವಳ ತಲೆಯಲ್ಲಿ ಇದ್ದದ್ದು ಒಂದೇ ಸಾಲು.

ಮೇಷ್ಟ್ರ ಕೆಲಸದ ಡೈರಿಯ ಕಟ್ಟಕಡೆಯ ಸಾಲು, ಭಾನುವಾರದ್ದು: *ಮೇಲಿನ ಕೈ ಕೆಳಗಿದೆ.*

ಪೊಲೀಸರು ಅದನ್ನು ಮುದುಕನ ಹುಚ್ಚು ಅಂದುಕೊಂಡಿದ್ದರು. ಹತ್ತಿಕಡ್ಡಿ ಎರಡು ರಾತ್ರಿ ಹೊರಳಾಡಿ ಹೊರಳಾಡಿ, ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಗಕ್ಕನೆ ನಿಂತಿದ್ದಳು. ಕೆಳಗಿದೆ ಅಂದರೆ ಬಣ್ಣದ ಕೆಳಗೆ!

ಚಿತ್ರ ಬಾಗಿಲಿನಷ್ಟು ಎತ್ತರ. ಸಿಂಹಾಸನದಲ್ಲಿ ರಾಜ. ಮುಂದೆ ಮೊಣಕಾಲೂರಿದ ಒಬ್ಬ ಅಧಿಕಾರಿ. ರಾಜ ಮೇಲಿನಿಂದ ಕೈ ಇಳಿಸಿ, ಅಧಿಕಾರಿಯ ಬೊಗಸೆಗೆ ಮುದ್ರೆಯುಂಗುರ ಹಾಕುತ್ತಿದ್ದಾನೆ. ರಾಜ್ಯದ ಒಂದೊಂದು ಆಜ್ಞೆಗೂ ಆ ಉಂಗುರದ್ದೇ ಮುದ್ರೆ ಬೀಳಬೇಕು. ಅದು ಸಿಕ್ಕಿದವನು ರಾಜ್ಯದಲ್ಲಿ ರಾಜನ ನಂತರ ಎರಡನೆಯವನು. ಹಿಂದೆ ನಿಂತ ಆಸ್ಥಾನದವರೆಲ್ಲ ನೆಲ ನೋಡುತ್ತಿದ್ದಾರೆ. "ಗೌರವದಿಂದ ತಲೆ ಬಾಗಿಸಿದ್ದಾರೆ," ಎಂದು ಗೈಡು ದಿನಕ್ಕೆ ಹತ್ತು ಸಲ ಒದರುತ್ತಿದ್ದ. ಒಬ್ಬ ಮಾತ್ರ ಮೂಲೆಯಲ್ಲಿ ನಗುತ್ತಿದ್ದಾನೆ. "ಪ್ರಾಣಸ್ನೇಹಿತ."

ಮೊಣಕಾಲೂರಿದವನ ವಂಶದವರೇ ಮುದ್ರೆಮನೆಯವರು. ಐದು ವರ್ಷದ ಕೆಳಗೆ ಈ ಚಿತ್ರವನ್ನು ತಮ್ಮ ಮನೆಯ ಗೋಡೆಯಿಂದ ಇಳಿಸಿ ಮ್ಯೂಸಿಯಮ್ಮಿಗೆ ದಾನ ಕೊಟ್ಟವರು. ನಾಳೆ ಬೆಳಿಗ್ಗೆ, ಇದೇ ಚಿತ್ರದ ಎದುರಿಗೆ, ಆ ಮನೆಯ ಯಜಮಾನಿ ಮ್ಯೂಸಿಯಮ್ಮಿನ ಜೀವನಪರ್ಯಂತ ಅಧ್ಯಕ್ಷೆಯಾಗಿ ನೇಮಕಗೊಳ್ಳುತ್ತಾರೆ. ಮಂತ್ರಿಗಳು ಬಂದು, ಇಂಥದ್ದೇ ಉಂಗುರವನ್ನು, ಹೀಗೆಯೇ ಮೇಲಿನಿಂದ, ಅವರ ಬೊಗಸೆಗೆ ಹಾಕುತ್ತಾರೆ. ಆಹ್ವಾನಪತ್ರಿಕೆಯ ಮೇಲೂ ಈ ಎರಡು ಕೈಗಳದ್ದೇ ಚಿತ್ರ.

ಹತ್ತಿಕಡ್ಡಿ ಉಜ್ಜಿದಳು. ರಾಜನ ಬೆರಳು ಒಂದೊಂದಾಗಿ ಹೋದವು. ಕೆಳಗೆ ಇನ್ನೊಂದು ಕೈ ಮೂಡಿತು, ಹಳೆಯದು, ಬಿರುಕುಬಿರುಕಾದದ್ದು. ಆಮೇಲೆ ಅಧಿಕಾರಿಯ ಬೊಗಸೆ ಹೋಯಿತು. ಅಲ್ಲೂ ಬೇರೆಯದೇ ಕೈ.

ಅವಳು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಸಾರ್, ನಿಮ್ಮ ಪೆನ್ನು ಕೊಡಿ."

"ಯಾಕೆ?"

"ಕೊಡಿ ಸಾರ್!"

ಕೊಟ್ಟ.

"ಹಾಗೇ ಇರಿ, ಕೈ ಅಲ್ಲಾಡಿಸ್ಬೇಡಿ. ಯಾರ ಕೈ ಮೇಲಿದೆ?"

"ನಂದು."

"ಕೆಳಗಿರೋದು?"

"ನಿಮ್ದು. ಇದೇನು ಒಂದನೇ ಕ್ಲಾಸಾ?"

"ಕೊಡೋರ ಕೈ ಮೇಲೆ, ಇಸ್ಕೊಳ್ಳೋರ ಕೈ ಕೆಳಗೆ. ಈಗ ರಾಜನ್ನ ನೋಡಿ."

ಸಮಾಧಾನ ನೋಡಿದ. ರಾಜನ ಅಂಗೈ ಆಕಾಶ ನೋಡುತ್ತಿತ್ತು. ಬಿಚ್ಚಿದ ಅಂಗೈ, ಸಾಲ ವಸೂಲಿಗೆ ನಿಂತವನ ಅಂಗೈ. ಅದರ ಮೇಲೆ ಅಧಿಕಾರಿಯ ಕೈ. ಎರಡು ಬೆರಳ ನಡುವೆ ಉಂಗುರ, ಇನ್ನೇನು ಬೀಳಬೇಕು, ಬೀಳಿಸಲು ಮನಸ್ಸಿಲ್ಲ.

"ಅಂದ್ರೆ... ಪದವಿ ಕೊಟ್ಟಿದ್ದಲ್ಲ ಇದು?"

"ಕಿತ್ಕೊಂಡಿದ್ದು ಸಾರ್. ಎಲ್ರ ಎದುರಿಗೇ ಕಿತ್ಕೊಂಡಿದ್ದು."

ಈಗ ನೆಲ ನೋಡುವವರ ಮುಖಗಳೂ ಬೇರೆಯಾಗಿಬಿಟ್ಟವು. ಅದು ಗೌರವ ಅಲ್ಲ, ನೋಡಲಾಗದ ನಾಚಿಕೆ. ಮೂಲೆಯಲ್ಲಿ ಹಲ್ಲು ಕಿಸಿಯುತ್ತಿದ್ದವನು ಪ್ರಾಣಸ್ನೇಹಿತನೂ ಅಲ್ಲ. ಆ ಉಂಗುರ ಮುಂದೆ ಯಾರಿಗೆ ಅಂತ ಅವನಿಗೆ ಗೊತ್ತಿತ್ತು.

ಸಮಾಧಾನ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಸ್ಪೆನ್ಷನ್ ಆರ್ಡರಿಗೆ ಚಿನ್ನದ ಚೌಕಟ್ಟು ಹಾಕ್ಸಿ ಪ್ರಮೋಷನ್ ಅಂತ ತೋರಿಸ್ತಿದ್ರಲ್ಲಪ್ಪಾ! ನಮ್ಮ ಇಲಾಖೇಲೂ ಯಾರೂ ಇಷ್ಟು ದೂರ ಹೋಗಿಲ್ಲ."

"ಇದೇ ಕಾರಣ ಸಾರ್! ಮೇಷ್ಟ್ರು ಇದನ್ನ ಕಂಡ್ಹಿಡಿದ್ರು. ನಾಳೆ ಒಳಗೆ ಬಯಲಾದ್ರೆ ಮುದ್ರೆಮನೆಯವರ ಮಾನ ಮೂರು ಕಾಸು. ಅಣ್ಣಂಗೆ ಇದರಲ್ಲಿ ಏನಿದೆ ಹೇಳಿ?"

"ಒಳ್ಳೇ ಮಾತು." ಅವನು ಪೆನ್ನು ವಾಪಸು ತೆಗೆದುಕೊಂಡು ಪುಸ್ತಕ ಬಿಚ್ಚಿದ. "ಒಂದೇ ಒಂದು ಅನುಮಾನ. ನೂರಾರು ವರ್ಷದ ಬಣ್ಣ ಇಷ್ಟು ಸಲೀಸಾಗಿ ಹೇಗೆ ಬಂತು? ನಮ್ಮನೆ ಗೇಟಿಗೆ ಹಚ್ಚಿದ್ದು ಉಪ್ಪುಕಾಗದ ಹಾಕಿ ತಿಕ್ಕಿದ್ರೂ ಬರ್ತಿಲ್ಲ."

ಕಸುಬಿನ ಮಾತು ಕೇಳಿದರೆ ಹತ್ತಿಕಡ್ಡಿಗೆ ಪ್ರಪಂಚವೇ ಮರೆತುಹೋಗುತ್ತದೆ. ಯಾರು ಕೇಳುತ್ತಿದ್ದಾರೆ, ಯಾಕೆ ಕೇಳುತ್ತಿದ್ದಾರೆ ಅನ್ನುವ ಎಗ್ಗೇ ಇಲ್ಲ.

"ಮೇಲಿಂದು ಹಳೇ ಬಣ್ಣ ಅಲ್ವೇ ಅಲ್ಲ ಸಾರ್, ದುರಸ್ತಿ ಬಣ್ಣ. ನಾವು ಹಚ್ಚಿದ್ದನ್ನ ನಾಳೆ ಬರೋರು ಒರೆಸಿ ತೆಗೆಯೋ ಹಾಗಿರ್ಬೇಕು. ಅದು ನಮ್ಮ ಮೊದಲನೇ ಪಾಠ. ಬೇರೆ ಪೇಂಟರ್ ಯಾರಾದ್ರೂ ಹಚ್ಚಿದ್ರೆ ಕಲ್ಲಾಗಿರೋದು, ಕೆಳಗಿನ ಕೈಯೂ ಸೇರಿ ಕಿತ್ತು ಬರೋದು."

"ಓಹೋ. ಈ ಬಣ್ಣ ಯಾರ್ಯಾರ ಹತ್ರ ಇರುತ್ತೆ?"

"ಈ ಊರಲ್ಲಿ ನಮ್ಮ ಹತ್ರ ಮಾತ್ರ."

"ನಮ್ಮ ಅಂದ್ರೆ?"

"ನಾನು, ಮೇಷ್ಟ್ರು. ಇಬ್ರೇ..."

ಚಿತ್ರ ಈ ಕೋಣೆಗೆ ಬಂದದ್ದು ಐದು ವರ್ಷದ ಕೆಳಗೆ. ಅವಳು ಮುಟ್ಟಿಲ್ಲ. ಹಾಗಾದರೆ?

ಮೇಷ್ಟ್ರೇ! ಕೊಡುವ ಕೈಯನ್ನು ಮೇಲಿಟ್ಟು, ಬೇಡುವ ಕೈಯನ್ನು ಮುಚ್ಚಿ, ಇಡೀ ಚಿತ್ರವನ್ನೇ ಸುಳ್ಳು ಮಾಡಿದವರು ಮೇಷ್ಟ್ರು. ಸುಳ್ಳು ಬರೆಯುವಾಗಲೂ ಆ ಮನುಷ್ಯನಿಗೆ ಮೊದಲನೇ ಪಾಠ ಮೀರಲು ಆಗಲಿಲ್ಲ, ಒರೆಸಿದರೆ ಹೋಗುವ ಬಣ್ಣದಲ್ಲೇ ಬರೆದಿದ್ದರು. ರಾಜನಿಗೂ ಕೈ ಕೊಟ್ಟರು, ಅವಳಿಗೂ ಕೈ ಕೊಟ್ಟರು.

ಸಮಾಧಾನ ಬರೆದುಕೊಳ್ಳುತ್ತಿದ್ದ. ಪೆನ್ನು ಸರಸರ ಓಡುತ್ತಿತ್ತು.

"ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತಾಳೆ ಅಲ್ವಾ?" ಬಾಗಿಲಿನಿಂದ ಒಂದು ದನಿ ಬಂತು. "ಇವಳನ್ನೇ ಗೈಡು ಮಾಡ್ಬೇಕು."

ಮುದ್ರೆಮನೆ ಅಮ್ಮಾವ್ರು! ಎಪ್ಪತ್ತರ ಮೇಲಾದರೂ ಬೆನ್ನು ಹಲಗೆಯ ಹಾಗೆ ನೆಟ್ಟಗೆ. ಕೈಯಲ್ಲಿ ಒಂದು ಕೆಂಪು ಫೈಲು. ಅವರ ಹಿಂದೆ ಬೆಂಚಿನಿಂದ ದಡಕ್ಕನೆ ಎದ್ದು ನಿಂತ ಅತ್ತಿಗೆ. ಎದ್ದೇ ಏಳಬೇಕು, ಹನ್ನೆರಡು ವರ್ಷದಿಂದ ಅವಳು ಅಮ್ಮಾವ್ರ ಮನೆಯ ಅಡುಗೆಯವಳು. ಅಣ್ಣನಿಗೆ ಈ ಕಾವಲು ಕೆಲಸ ಸಿಕ್ಕಿದ್ದೂ ಅಮ್ಮಾವ್ರ ಒಂದು ಮಾತಿನಿಂದ.

ಅಮ್ಮಾವ್ರು ಚಿತ್ರದ ಎದುರಿಗೆ ಬಂದು ನಿಂತರು. ಬಿಚ್ಚಿಕೊಂಡ ಆ ಅಂಗೈಯನ್ನು ನೋಡಿದರು. ಹತ್ತಿಕಡ್ಡಿ ಅವರ ಮುಖವನ್ನೇ ನೋಡಿದಳು. ಕೂಗುತ್ತಾರೆ, ಬೀಳುತ್ತಾರೆ, ಏನಾದರೂ ಆಗುತ್ತದೆ!

ಏನೂ ಆಗಲಿಲ್ಲ.

"ನನಗೆ ಆರು ವರ್ಷ ಇದ್ದಾಗ ನಮ್ಮಜ್ಜ ಎತ್ಕೊಂಡು ಈ ಕೈ ತೋರಿಸಿದ್ರು," ಅಮ್ಮಾವ್ರು ನಿಧಾನ ಹೇಳಿದರು. "‘ನೋಡು ಮಗಾ, ಹೀಗೆ ಕಿತ್ಕೊಳ್ತಾರೆ. ಆಗ ಅಳಬಾರದು’ ಅಂದ್ರು."

"ಹಾಗಾದ್ರೆ ನಿಮಗೆ ಗೊತ್ತಿತ್ತು!"

"ನಮ್ಮನೆ ಹುಳುಕು ನಮಗೆ ಗೊತ್ತಿರಲ್ವೇನೇ?"

"ಮತ್ತೆ ಮುಚ್ಚಿಸಿದ್ದು ನೀವೇ. ಮೇಷ್ಟ್ರ ಕೈಲಿ ನೀವೇ ಮಾಡ್ಸಿದ್ದು. ಅವರು ಭಾನುವಾರ ಅದನ್ನ ತೆಗೆಯೋಕೆ ಹೊರಟ್ರು, ಅದಕ್ಕೇ—"

"ನಾಲಿಗೆ ಸ್ವಲ್ಪ ಒಳಗಿಟ್ಕೊ. ಮುದ್ರೆಮನೆ ಮೇಲೆ ಮಾತಾಡೋ ಮುಂಚೆ ಓದೋದು ಕಲಿತ್ಕೋಬೇಕು." ಅಮ್ಮಾವ್ರು ಫೈಲು ಬಿಚ್ಚಿ ಒಂದು ಹಾಳೆ ಅವಳ ಮೂಗಿನ ಮುಂದೆ ಹಿಡಿದರು. "ಓದು. ಗಟ್ಟಿಯಾಗಿ."

ಐದು ವರ್ಷದ ಹಿಂದಿನ ದುರಸ್ತಿ ವರದಿ. ಮೇಷ್ಟ್ರ ಗುಂಡು ಅಕ್ಷರ.

"‘ರಾಜ ಮತ್ತು ಅಧಿಕಾರಿಯ ಕೈಗಳು. ಬಣ್ಣ ಉದುರಿದ್ದರಿಂದ ಹೊಸದಾಗಿ ಬರೆಯಲಾಗಿದೆ...’"

"ಬರೆದೋರು?"

ಕೆಳಗೆ ಒಂದು ರುಜು. ಅವಳದ್ದೇ.

ಆ ದಿನ ಹತ್ತಿಕಡ್ಡಿಗೆ ಚೆನ್ನಾಗಿ ನೆನಪಿತ್ತು. ಅವಳ ನೇಮಕಾತಿ ಪತ್ರ ಬಂದ ದಿನ. ಮೇಷ್ಟ್ರು ಎಲ್ಲರನ್ನೂ ಕರೆದು, ಬಿಳಿ ಕೋಟು ತಾವೇ ಅವಳ ಹೆಗಲಿಗೆ ಹೊದಿಸಿ, "ಇವತ್ತಿಂದ ನೀನೂ ಅಧಿಕಾರಿ. ಮೊದಲ ರುಜು ನಿಂದೇ ಆಗ್ಲಿ," ಎಂದು ತಮ್ಮ ಸ್ವಂತ ಪೆನ್ನು ಕೊಟ್ಟಿದ್ದರು. ಅಣ್ಣ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹಾಳೆಯಲ್ಲಿ ಏನಿದೆ ಎಂದು ಅವಳು ನೋಡಲೇ ಇಲ್ಲ.

"ಓದದೇ ರುಜು ಹಾಕೋರಿಗೇ ಕಣೇ ಬೇಗ ಪದವಿ ಸಿಗೋದು," ಅಮ್ಮಾವ್ರು ಹಾಳೆಯನ್ನು ಹಿಂದಕ್ಕೆ ಸೆಳೆದುಕೊಂಡರು. "ನಿನಗೆ ಕೆಲಸ ಬರುತ್ತೆ ಅಂತ ಕೊಟ್ರು ಅನ್ಕೊಂಡಿದ್ಯಾ? ಪಾಪ."

"ನಾನು ಮುಟ್ಟಿಲ್ಲ! ಮೇಷ್ಟ್ರು..."

"ಭಾನುವಾರ ಬೆಳಿಗ್ಗೆ ನಿಮ್ಮ ಮೇಷ್ಟ್ರು ನನಗೆ ಫೋನ್ ಮಾಡಿದ್ರು, ಇನ್‌ಸ್ಪೆಕ್ಟ್ರೇ. ‘ಹುಡುಗಿ ಚಿತ್ರ ಕೆಡಿಸಿದ್ದಾಳೆ, ಇವತ್ತು ಬಿಚ್ಚಿ ನೋಡ್ತೀನಿ, ನಾಳೆ ದೂರು ಕೊಡ್ತೀನಿ’ ಅಂದ್ರು."

"ಸುಳ್ಳು!"

"ಹೌದಾ? ಅವರನ್ನೇ ಕೇಳು ಹೋಗು."

ಹತ್ತಿಕಡ್ಡಿ ಸಮಾಧಾನನ ಕಡೆ ತಿರುಗಿದಳು. ಅವನ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ. ಕಡಲೆಕಾಯಿ ಸಿಪ್ಪೆಯನ್ನು ಅಂಗೈಯಲ್ಲಿ ಗುಡ್ಡೆ ಮಾಡುತ್ತಿದ್ದ.

"ನಿಮಗೆ... ಮೊದಲೇ ಗೊತ್ತಿತ್ತು."

"ಕಾಗದ ಗೊತ್ತಿತ್ತು ಮೇಡಂ. ಬಣ್ಣ ಗೊತ್ತಿರ್ಲಿಲ್ಲ. ರುಜು ಇದ್ರೇನು, ಕೈ ಬರೆದೋರು ಬೇರೆ ಯಾರೋ ಇರ್ಬಹುದಲ್ಲ ಅಂತ ವಕೀಲರು ಕೇಳ್ತಿದ್ರು. ಈ ಬಣ್ಣ ಇರೋದು ಇಬ್ರ ಹತ್ರ ಮಾತ್ರ, ಅದರಲ್ಲಿ ಒಬ್ರು ಸತ್ತೋಗಿದ್ದಾರೆ. ಅದನ್ನ ನೀವೇ ಹೇಳಿಬಿಟ್ರಿ." ಸಿಪ್ಪೆಗಳನ್ನು ಡಬ್ಬಿಗೆ ಸುರಿದ. "ಬಹಳ ಉಪಕಾರ ಆಯ್ತು."

ಬೆಳಗಿನಿಂದ ಅವಳು ಉಜ್ಜಿದ್ದು ಅಣ್ಣನ ಬೇಡಿಯನ್ನಲ್ಲ. ತನ್ನದಕ್ಕೇ ಹೊಳಪು ಕೊಡುತ್ತಿದ್ದಳು.

"ಮತ್ತೆ ಅಣ್ಣ? ಅಣ್ಣನ್ನ ಯಾಕೆ ಹಿಡಿದಿಟ್ಟಿದ್ದೀರಿ?"

"ಅದೇ ತಮಾಷೆ. ಬೆಳಿಗ್ಗೆ ಒಂಬತ್ತಕ್ಕೆ ಅಮ್ಮಾವ್ರು ಲಾಕಪ್ಪಿಗೆ ಬಂದು ನಿಮ್ಮಣ್ಣಂಗೂ ಈ ಹಾಳೆ ತೋರಿಸಿದ್ರು. ಒಂಬತ್ತೂಕಾಲಿಗೆ ಅವನು ‘ನಾನೇ ಕೊಂದೆ, ಏಣಿಯಿಂದ ತಳ್ಳಿದೆ’ ಅಂತ ಬರ್ಕೊಟ್ಟ." ಸಮಾಧಾನ ನಿಟ್ಟುಸಿರು ಬಿಟ್ಟ. "ಮೇಷ್ಟ್ರು ಏಣಿಯಿಂದ ಬಿದ್ದೇ ಇಲ್ಲ ಮೇಡಂ. ಕುತ್ತಿಗೇಲಿ ಬಟ್ಟೆ ಬಿಗಿದ ಗುರುತಿದೆ. ಆಮೇಲೆ ಏಣಿ ಬುಡದಲ್ಲಿ ಮಲಗಿಸಿದ್ದಾರೆ. ನಿಮ್ಮಣ್ಣಂಗೆ ಕೊಲ್ಲೋಕೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ. ಹಾಗಾದ್ರೆ ಯಾರನ್ನ ಉಳಿಸೋಕೆ ಹೇಳ್ತಿದ್ದಾನೆ?" ಬಾಗಿಲ ಕಡೆ ಕೈ ತಟ್ಟಿದ. "ಕರ್ಕೊಂಡ್ಬನ್ರೋ!"

ಅಣ್ಣ ಒಳಗೆ ಬಂದ. ಎರಡು ಕೈಗೂ ಬೇಡಿ. ತುಟಿ ಒಡೆದಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ತೆರೆದಿದ್ದ ಇನ್ನೊಂದು ಕಣ್ಣು ತಂಗಿಯನ್ನು ಹುಡುಕಿತು.

"ಊಟ ಮಾಡಿದ್ಯಾ ಪುಟ್ಟಿ?"

ಅವಳಿಗೆ ಅಳು ಒತ್ತರಿಸಿ ಬಂತು. "ಅಣ್ಣಾ, ನಾನಲ್ಲ."

"ಗೊತ್ತು ಪುಟ್ಟಿ."

ಆ ದನಿ! ಚಿಕ್ಕವಳಿದ್ದಾಗ ಪಕ್ಕದ ಮನೆಯ ಕಿಟಕಿ ಗಾಜು ಒಡೆದು ಬಂದರೆ ಅಣ್ಣ ಹೀಗೆಯೇ "ಗೊತ್ತು ಪುಟ್ಟಿ, ನೀನಲ್ಲ" ಅನ್ನುತ್ತಿದ್ದ. ಹಾಗೆ ಹೇಳಿ, ತಾನೇ ಹೋಗಿ ಅಪ್ಪನ ಬೆಲ್ಟಿಗೆ ಬೆನ್ನು ಕೊಡುತ್ತಿದ್ದ.

"ನಿಜವಾಗ್ಲೂ ನಾನಲ್ಲ ಅಣ್ಣಾ! ನೀನೇ ನಂಬದಿದ್ರೆ ಹೇಗೆ? ಒಂದು ಹಾಳೆ ನೋಡಿ ನಂಬಿಬಿಟ್ಯಾ?"

"ಹಾಳೆ ಅಲ್ವೇ..." ಅಣ್ಣ ಅಷ್ಟಕ್ಕೇ ತುಟಿ ಕಚ್ಚಿಕೊಂಡ.

ಸಮಾಧಾನನ ಕಿವಿ ನೆಟ್ಟಗಾಯಿತು. "ಹಾಳೆ ಅಲ್ಲ ಅಂದ್ರೆ? ಮತ್ತೇನು?"

"ಏನಿಲ್ಲ ಸ್ವಾಮಿ. ಕೊಂದಿದ್ದು ನಾನೇ. ಬರ್ಕೊಟ್ಟಿದ್ದೀನಲ್ಲ."

"ಸಮಾಧಾನ," ಎಂದ ಇನ್‌ಸ್ಪೆಕ್ಟರ್. "ಸಮಾಧಾನ."

ಏಟು ಬಿತ್ತು. ಅಣ್ಣ ಗೋಡೆಗೆ ತಾಗಿ ಕುಸಿದ. ಅತ್ತಿಗೆ ಬಾಗಿಲಲ್ಲೇ ಕಿರುಚಿದಳು. ಅಮ್ಮಾವ್ರು ಫೈಲಿನ ದಾರ ಕಟ್ಟಿಕೊಳ್ಳುತ್ತಿದ್ದರು.

"ಹೊಡೀಬೇಡಿ! ಅಣ್ಣಾ, ಹೇಳಿಬಿಡು!" ಹತ್ತಿಕಡ್ಡಿ ಅವನ ಪಕ್ಕ ಮಂಡಿಯೂರಿದಳು. "ಏನು ನೋಡಿದ್ಯೋ ಹೇಳು. ನಾನು ತಪ್ಪು ಮಾಡಿಲ್ಲ, ನನಗೇನು ಭಯ? ನನ್ನ ಮೇಲೆ ಆಣೆ, ಹೇಳು!"

ಅಣ್ಣ ಬೇಡಿಯ ಕೈಯಿಂದ ತುಟಿಯ ರಕ್ತ ಒರೆಸಿಕೊಂಡ.

"ಭಾನುವಾರ ನಾಲ್ಕು ಗಂಟೆಗೆ. ನೀನು ಈ ಕೋಣೆಯಿಂದ ಹೊರಗೆ ಬಂದ್ಯಲ್ಲ ಪುಟ್ಟಿ. ನಿನ್ನ ಬಿಳಿ ಕೋಟು, ಬೆನ್ನ ಮೇಲೆ ಹಸಿರು ಕಲೆ. ನಾನು ವರಾಂಡದ ಆ ತುದೀಲಿದ್ದೆ. ಕರೆದೆ. ನೀನು ತಿರುಗ್ಲಿಲ್ಲ. ಹಿಂದೆ ನೋಡದೇ ಕೈ ಎತ್ತಿ ಆಡಿಸಿ, ಹಿತ್ತಿಲ ಬಾಗಿಲಿಂದ ಹೋಗ್ಬಿಟ್ಟೆ." ಅವನು ಮುಖ ಗೋಡೆಗೆ ತಿರುಗಿಸಿದ. "ಯಾರಿಗೂ ಹೇಳಿರ್ಲಿಲ್ಲ ಕಣೇ. ಸಾಯೋವರೆಗೂ ಹೇಳ್ತಿರ್ಲಿಲ್ಲ. ಯಾಕೆ ಹೇಳಿಸ್ದೆ?"

ಸಮಾಧಾನನ ಪೆನ್ನು ಮತ್ತೆ ಓಡಿತು.

ಹತ್ತಿಕಡ್ಡಿಗೆ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಮಿಂಚು ಹೊಡೆದ ಹಾಗೆ ಹೊಳೆಯಿತು. ನಗುವೇ ಬಂದುಬಿಟ್ಟಿತು ಅವಳಿಗೆ. ಕೋಟು! ಭಾನುವಾರ ಕೋಟು ಇಲ್ಲಿ ಇರಲೇ ಇಲ್ಲ! ಶನಿವಾರ ಒಗೆಯಲು ಮನೆಗೆ ಒಯ್ದಿದ್ದಳು. ಭಾನುವಾರ ಇಡೀ ಮಧ್ಯಾಹ್ನ ಅದು ಮನೆಯ ಮಹಡಿಯ ಮೇಲೆ ಹಗ್ಗದಲ್ಲಿ ಒಣಗುತ್ತಿತ್ತು. ತಾನು ಹಲ್ಲುನೋವಿನ ಮಾತ್ರೆ ನುಂಗಿ ಕೆಳಗೆ ಸತ್ತ ಹೆಣದ ಹಾಗೆ ನಿದ್ದೆ ಮಾಡಿದ್ದಳು.

"ಸಾರ್! ಭಾನುವಾರ ಆ ಕೋಟು..."

ಆದರೆ ಅದನ್ನು ಮಹಡಿಯಿಂದ ಇಲ್ಲಿಗೆ ತಂದವರು ಯಾರು?

ಮನೆಯಲ್ಲಿ ಇರುವವರು ಮೂರೇ ಜನ. ಅಣ್ಣ ಇಲ್ಲಿ ಕಾವಲಿಗಿದ್ದ. ತಾನು ನಿದ್ದೆಯಲ್ಲಿದ್ದಳು. ಮಹಡಿಗೆ ಹೋಗಿ ಬಟ್ಟೆ ಒಣಹಾಕಿದವರು, ಸಂಜೆ ಐದಕ್ಕೆ "ಏಳ್ತೀಯಾ, ಕಾಫಿ ಮಾಡಿದ್ದೀನಿ" ಎಂದು ಎಬ್ಬಿಸಿದವರು...

"ಆ ಕೋಟು?" ಸಮಾಧಾನ ತಲೆಯೆತ್ತಿದ. "ಹೇಳಿ ಮೇಡಂ. ಭಾನುವಾರ ನಾಲ್ಕು ಗಂಟೆಗೆ ಎಲ್ಲಿತ್ತು?"

ಹತ್ತಿಕಡ್ಡಿ ಬಾಗಿಲ ಕಡೆ ನೋಡಿದಳು. ಅತ್ತಿಗೆ ಅಳು ನಿಲ್ಲಿಸಿದ್ದಳು. ಊಟದ ಡಬ್ಬಿಯನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟು, ಮೊದಲು ಅಮ್ಮಾವ್ರ ಮುಖ ನೋಡಿ, ಆಮೇಲೆ ನಾದಿನಿಯ ಮುಖ ನೋಡಿದಳು.

"ಎಲ್ಲಿತ್ತು ಅಂದ್ರೇನೇ?" ಅಂದಳು ಅತ್ತಿಗೆ ಮೆತ್ತಗೆ, ಮಗುವಿಗೆ ನೆನಪಿಸುವ ಹಾಗೆ. "ನಿನ್ನ ಮೈಮೇಲೇ ಇತ್ತಲ್ಲ ಪುಟ್ಟಿ. ಕುತ್ತಿಗೆ ಹತ್ರದ ಗುಂಡಿ ಹಾಕೋಕೆ ಬರ್ತಿಲ್ಲ ಅಂದೆ. ನಾನೇ ಹಾಕಿ ಕಳ್ಸಿದ್ನಲ್ಲ?"